ಯಾವ ಲೇಸರ್ ಎಂದು ಕೇಳಿದರೆ ಉತ್ತರವಿಲ್ಲ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು, ಖಾಸಗಿ ವೈದ್ಯಕೀಯ ಸಂಸ್ಥೆಗಳ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ, ಉತ್ತರ ಕನ್ನಡ, ಕಾರವಾರ

ಪ್ರತಿ: ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಕಾರವಾರ

ವಿಷಯ: ಮುಖದ ಸುಕ್ಕು, ಬಿಸಿಲುಕಲೆ ತೆಗೆಯುತ್ತೇವೆಂದು ಪಾರ್ಲರ್ ಹಾಗೂ ಶಿಬಿರಗಳಲ್ಲಿ ನಡೆಯುತ್ತಿರುವ ಲೇಸರ್ ಚಿಕಿತ್ಸೆ ಕುರಿತು

ಮಾನ್ಯರೇ,

ಎರಡೂ ಕೆನ್ನೆಗಳ ಮೇಲೆ ಚೌಕ ಚೌಕವಾಗಿ ಕಪ್ಪು ಅಚ್ಚು. ಒಂದೊಂದು ಚೌಕ ಸುಮಾರು ಒಂದು ಸೆಂಟಿಮೀಟರ್. ಅದರೊಳಗೆ ಸಾಲು ಹಿಡಿದು ಕೂತ ಸೂಜಿಮೊನೆಯಷ್ಟು ಚುಕ್ಕೆಗಳು. ಎರಡು ಚೌಕಗಳ ಅಂಚು ಒಂದರ ಮೇಲೊಂದು ಹತ್ತಿದ ಕಡೆ ಕಪ್ಪು ಇಮ್ಮಡಿ. ನಾಲ್ಕು ಹೆಜ್ಜೆ ದೂರ ನಿಂತು ನೋಡಿದರೆ, ಬೈತಖೋಲದಲ್ಲಿ ಒಣಹಾಕಿದ ಬಲೆಯನ್ನು ಯಾರೋ ಮುಖಕ್ಕೆ ಒತ್ತಿ ತೆಗೆದ ಹಾಗಿರುತ್ತದೆ. ಇಷ್ಟು ಅಳತೆಗೆ ಸರಿಯಾಗಿ ಮೂಡುವ ರೋಗ ಯಾವುದೂ ಇಲ್ಲ. ಇದು ಚರ್ಮದಲ್ಲಿ ಸಣ್ಣ ಸಣ್ಣ ತೂತು ಕೊರೆಯುವ ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಯಂತ್ರದ ಹಿಡಿ ಬಿಟ್ಟುಹೋದ ಗುರುತು.

ಇಂಥ ಮುಖ ಹೊತ್ತು ಬಂದವರಿಗೆ ಚರ್ಮಚಿಕಿತ್ಸೆಯ ಕೆಲಸದಲ್ಲಿರುವ ನಾವು ಮೂರು ಪ್ರಶ್ನೆ ಕೇಳುತ್ತೇವೆ. ಯಾವ ಲೇಸರ್? "ಲೇಸರ್ ಅಂದ್ರು, ಅಷ್ಟೇ." ಎಷ್ಟು ಶಕ್ತಿಯಲ್ಲಿ, ಎಷ್ಟು ಸುತ್ತು ಹೊಡೆದರು? ಗೊತ್ತಿಲ್ಲ. ಹೊಡೆದವರು ಯಾರು? "ಅಲ್ಲಿದ್ದ ಮೇಡಂ." ಕೈಯಲ್ಲಿ ಚೀಟಿ ಇಲ್ಲ. ರಸೀದಿ ಇದ್ದರೆ ಅದರಲ್ಲಿ 'ಸ್ಕಿನ್ ಪ್ಯಾಕೇಜ್' ಎಂದಿರುತ್ತದೆ. ಈ ಮೂರು ಪ್ರಶ್ನೆಗಳಿಗೆ ಜಿಲ್ಲೆಯಲ್ಲಿ ಕಡ್ಡಾಯವಾಗಿ ಉತ್ತರ ಸಿಗುವಂತೆ ಮಾಡಿ ಎಂದು ಕೇಳುವುದಕ್ಕೇ ಈ ಪತ್ರ.

ಮೊದಲೇ ಹೇಳಿಬಿಡುತ್ತೇವೆ: ನಮಗೆ ಲೇಸರ್ ಮೇಲೆ ಸಿಟ್ಟಿಲ್ಲ. ಸರಿಯಾದ ಕೈಯಲ್ಲಿ ಅದು ಒಳ್ಳೆಯ ಸಾಧನ. ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್. ಅದರ ಕಿರಣದ ತರಂಗಾಂತರ 10,600 ನ್ಯಾನೊಮೀಟರ್. ಕಣ್ಣಿಗೆ ಕಾಣುವುದಿಲ್ಲ, ನೀರು ಅದನ್ನು ಹೀರಿಕೊಳ್ಳುತ್ತದೆ. ಚರ್ಮದಲ್ಲಿ ನೀರೇ ಹೆಚ್ಚು. ಹಾಗಾಗಿ ಕಿರಣ ತಗುಲಿದ ಜಾಗ ಕ್ಷಣಾರ್ಧದಲ್ಲಿ ಆವಿಯಾಗುತ್ತದೆ, ಸುತ್ತಲಿನ ಅಂಚು ಬೇಯುತ್ತದೆ. ಆ ಬೆಂದ ಅಂಚೇ ಒಳಚರ್ಮಕ್ಕೆ ಹೊಸ ಕೊಲಾಜೆನ್, ಅಂದರೆ ಚರ್ಮವನ್ನು ಬಿಗಿಯಾಗಿಡುವ ನಾರು, ಕಟ್ಟಲು ಪ್ರಚೋದನೆ. ಬಾಯಿಯ ಸುತ್ತ, ಕಣ್ಣಿನ ಬದಿಯಲ್ಲಿ ಬಿಸಿಲಿನಿಂದ ಬಿದ್ದ ಸಣ್ಣ ಸುಕ್ಕು ತಗ್ಗುವುದು ಹೀಗೆ. ಫಲ ಪೂರ್ತಿ ಕಾಣಲು ಮೂರರಿಂದ ಆರು ತಿಂಗಳು ಬೇಕು. ಇನ್ನೊಂದು ಬಗೆ ಎರ್ಬಿಯಮ್ ಯಾಗ್, 2,940 ನ್ಯಾನೊಮೀಟರ್. ನೀರು ಇದನ್ನು ಇನ್ನೂ ಹತ್ತಾರು ಪಟ್ಟು ಹೆಚ್ಚು ಹೀರುವುದರಿಂದ ಅಂಚು ಬೇಯುವುದು ಕಡಿಮೆ, ಗಾಯ ಬೇಗ ಮಾಯುತ್ತದೆ. ಬಿಗಿತವೂ ಅಷ್ಟೇ ಕಡಿಮೆ.

ಹಳೆಯ ಕ್ರಮದಲ್ಲಿ ಮುಖದ ಹೊರಪೊರೆಯನ್ನೇ ಪೂರ್ತಿ ಸುಲಿದುಬಿಡುತ್ತಿದ್ದರು. ಆ ಪೊರೆಯ ದಪ್ಪ ಹೆಚ್ಚುಕಡಿಮೆ ಒಂದು ಕೂದಲೆಳೆಯಷ್ಟು. ಗಾಯ ಮಾಯಲು ಎರಡು ವಾರ, ಕೆಂಪು ಇಳಿಯಲು ತಿಂಗಳುಗಳು, ಆಮೇಲೆ ಆರೇಳು ತಿಂಗಳಿಗೆ ಕೆಲವರಿಗೆ ಮಾಸದ ಬಿಳಿಚುಕಲೆ. 2004ರಲ್ಲಿ ಫ್ರ್ಯಾಕ್ಷನಲ್ ಕ್ರಮ ಬಂತು. ಇಡೀ ಪೊರೆ ಸುಲಿಯುವ ಬದಲು ಸಾವಿರಾರು ಸಣ್ಣ ತೂತು ಕೊರೆದು, ನಡುವೆ ಆರೋಗ್ಯದ ಚರ್ಮ ಉಳಿಸುವುದು. ಉಳಿದ ಚರ್ಮ ಪಕ್ಕದ ತೂತನ್ನು ಕೆಲವೇ ದಿನಗಳಲ್ಲಿ ಮುಚ್ಚುತ್ತದೆ. ಈ ಕ್ರಮ ಬಂದ ಮೇಲೆಯೇ ನಮ್ಮಂಥ ಗೋಧಿಬಣ್ಣ, ಕಂದುಬಣ್ಣದವರಿಗೂ ಲೇಸರ್ ಕೊಡಬಹುದೆಂಬ ಧೈರ್ಯ ಬಂದದ್ದು. 'ಸುರಕ್ಷಿತ, ಎಲ್ಲ ಬಗೆಯ ಚರ್ಮಕ್ಕೂ' ಎಂಬ ಜಾಹೀರಾತು ಹುಟ್ಟಿದ್ದೂ ಇಲ್ಲಿಂದಲೇ.

ಎಡವಟ್ಟು ಆಗುವುದು ಎಲ್ಲಿ ಎಂದು ಈಗ ನೋಡಿ. ಬಿಸಿಲಿಗೆ ಚರ್ಮ ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ಫಿಟ್ಜ್‌ಪ್ಯಾಟ್ರಿಕ್ ಎಂಬ ವೈದ್ಯರು 1975ರಲ್ಲಿ ಶುರುಮಾಡಿದ ವರ್ಗೀಕರಣದಲ್ಲಿ ಈಗ ಒಂದರಿಂದ ಆರು ಮೆಟ್ಟಿಲುಗಳಿವೆ. ನಮ್ಮ ಜಿಲ್ಲೆಯ ಹೆಚ್ಚಿನವರು ನಾಲ್ಕು, ಐದರಲ್ಲಿ ಬರುತ್ತಾರೆ. ಯಂತ್ರದ ಜೊತೆ ಬರುವ ಕೈಪಿಡಿಯ ಅಂಕಿಗಳು ಬಹುಪಾಲು ಒಂದು, ಎರಡರ ಬಿಳಿ ಚರ್ಮದ ಮೇಲೆ ನೋಡಿ ಬರೆದವು. ಅವನ್ನೇ ಇಲ್ಲಿ ಒತ್ತಿದರೆ ನಮ್ಮ ಚರ್ಮದ ಬಣ್ಣದ ಕಣಗಳು ಆ ಬಿಸಿಗೆ ಕೆರಳಿ, ಗಾಯ ಮಾಯ್ದ ಮೇಲೆ ಕಪ್ಪು ಉಳಿಸುತ್ತವೆ. ಈ ಕಪ್ಪಿಗೆ ಮುಖ್ಯ ಕಾರಣ ಒಂದೊಂದು ತೂತಿನ ಆಳಕ್ಕಿಂತ ಅವುಗಳ ದಟ್ಟಣೆ. ಒಂದು ಚೌಕದೊಳಗೆ ಎಷ್ಟು ತೂತು, ಅದೇ ಜಾಗಕ್ಕೆ ಎಷ್ಟು ಸುತ್ತು, ಒಂದು ಸುತ್ತಿನ ಬಿಸಿ ಆರುವ ಮೊದಲೇ ಇನ್ನೊಂದು ಹೊಡೆದರೇ ಎಂಬುದೇ ನಿರ್ಧರಿಸುತ್ತದೆ. ನಮ್ಮ ಬಣ್ಣದವರಿಗೆ ಮೊದಲ ಸಲ ಒಟ್ಟು ಮೇಲ್ಮೈಯ ಶೇ 10ನ್ನು ದಾಟದಿರುವುದು, ಒಂದೇ ಸುತ್ತಿಗೆ ನಿಲ್ಲಿಸುವುದು, ಚೌಕದ ಅಂಚುಗಳನ್ನು ಒಂದರ ಮೇಲೊಂದು ಹತ್ತಿಸದಿರುವುದು, ಎರಡು ಸಿಟ್ಟಿಂಗ್‌ಗಳ ನಡುವೆ ಆರು ವಾರವಾದರೂ ಬಿಡುವುದು ಜಾಣತನ. 'ಹದಿನೈದು ದಿನಕ್ಕೊಂದರಂತೆ ಆರು ಸಿಟ್ಟಿಂಗ್, ಒಂದು ಉಚಿತ' ಎನ್ನುವ ಪ್ಯಾಕೇಜನ್ನು ಈ ಲೆಕ್ಕದ ಪಕ್ಕದಲ್ಲಿ ಇಟ್ಟು ನೋಡಿ.

ಕೆನ್ನೆ ತಾಳಿದ್ದನ್ನು ಕುತ್ತಿಗೆ ತಾಳುವುದಿಲ್ಲ. ಗಾಯ ಮುಚ್ಚಲು ಬೇಕಾದ ಜೀವಕೋಶಗಳು ಕೂದಲ ಬುಡದಿಂದ, ಜಿಡ್ಡುಗ್ರಂಥಿಗಳಿಂದ ಏಳಬೇಕು. ಕುತ್ತಿಗೆಯಲ್ಲಿ ಅವು ತೀರಾ ವಿರಳ. ಕೆನ್ನೆಯ ಅಂಕಿಯನ್ನು ಬದಲಿಸದೆ ದವಡೆಯ ಅಂಚು ದಾಟಿ ಕೆಳಗಿಳಿದ ಕೈಯ ಗುರುತು, ಹಗ್ಗದ ಹಾಗೆ ಉಬ್ಬಿದ ಗಾಯದಕಲೆಯಾಗಿ, ಬಹುಕಾಲ ಉಳಿಯುತ್ತದೆ. ಕೆಳರೆಪ್ಪೆಯ ಹತ್ತಿರ ಹೆಚ್ಚಾದರೆ ರೆಪ್ಪೆ ಹೊರಕ್ಕೆ ತಿರುಗಿ ಕಣ್ಣು ಪೂರ್ತಿ ಮುಚ್ಚುವುದಿಲ್ಲ.

ಬಂಗಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹೆರಿಗೆಯ ಮೇಲೆ, ಬಿಸಿಲಿನ ಮೇಲೆ ಕೆನ್ನೆಗೆ ಬರುವ ಕಂದು ಬಂಗನ್ನು ಪಾರ್ಲರಿನವರು 'ಸನ್ ಡ್ಯಾಮೇಜ್' ಎಂದೇ ಕರೆದು ಲೇಸರಿಗೆ ಕೂರಿಸುತ್ತಾರೆ. ಬಂಗು ಬಿಸಿಯನ್ನೂ ಸಹಿಸುವುದಿಲ್ಲ. ಬೆಳಕಿನ ಏಟಿಗೆ ಒಂದೆರಡು ವಾರ ತಿಳಿಯಾದಂತೆ ಕಂಡು, ತಿಂಗಳೊಳಗೆ ಮೊದಲಿಗಿಂತ ದಟ್ಟವಾಗಿ ಮರಳುತ್ತದೆ. ಅದಕ್ಕೆ ಮೊದಲ ಮದ್ದು ನೆರಳು, ಸನ್‌ಸ್ಕ್ರೀನ್, ವೈದ್ಯರು ಬರೆದ ಕ್ರೀಮ್. ಮೂರು ಔಷಧ ಬೆರೆಸಿದ ಕ್ರೀಮ್ ಕೂಡ ಕೆಲವೇ ವಾರಗಳಿಗೆ, ಅದೂ ನಿಗಾ ಇಟ್ಟು, ಯಾಕೆಂದರೆ ಅದರಲ್ಲಿ ಸ್ಟಿರಾಯ್ಡ್ ಇದೆ. ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿಯೇ ಕೇಂದ್ರ ಸರ್ಕಾರ ಬಿಗಿ ಮಾಡಿದೆ. ಆದರೂ ವರ್ಷಗಟ್ಟಲೆ ಅವನ್ನು 'ಬೆಳ್ಳಗಾಗುವ ಕ್ರೀಮ್' ಎಂದು ಹಚ್ಚಿಕೊಂಡು ಚರ್ಮ ಕಾಗದದಂತೆ ತೆಳುವಾದವರು ಬರುತ್ತಲೇ ಇದ್ದಾರೆ. ಅಂಥ ಚರ್ಮದ ಮೇಲೆ ಲೇಸರ್ ಹೊಡೆದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ಹೊಡೆಯುವ ಮೊದಲು 'ಮುಖಕ್ಕೆ ಏನು ಹಚ್ತಿದ್ದೀರಿ?' ಎಂದು ಯಾರಾದರೂ ಕೇಳಿದ್ದರೆ ಸಾಕಿತ್ತು.

ಕೇಳಬೇಕಾದದ್ದು ಅದೊಂದೇ ಅಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದಾರೆಯೇ, ನಿಲ್ಲಿಸಿ ಎಷ್ಟು ದಿನವಾಯಿತು? ಪೂರ್ತಿ ಪೊರೆ ಸುಲಿಯುವ ಚಿಕಿತ್ಸೆಗೆ ಆರು ತಿಂಗಳ ಬಿಡುವು ಬೇಕು. ಗಾಯವಾದ ಕಡೆ ಚರ್ಮ ಉಬ್ಬಿ ಬೆಳೆಯುವ ಗುಣ ಇದೆಯೇ? ತುಟಿಯ ಮೇಲೆ ಆಗಾಗ ಜ್ವರದ ಗುಳ್ಳೆ ಏಳುತ್ತದೆಯೇ? ಈ ಕೊನೆಯ ಪ್ರಶ್ನೆ ಕೇಳದೆ ಬಿಟ್ಟದ್ದಕ್ಕೆ ಬೀಳುವ ಬೆಲೆ ದೊಡ್ಡದು. ಗುಳ್ಳೆಯ ವೈರಸ್ ನರದಲ್ಲಿ ಮಲಗಿರುತ್ತದೆ. ಲೇಸರಿನ ಬಿಸಿ ಅದನ್ನು ಎಬ್ಬಿಸಿದರೆ ಹೊರಪೊರೆ ಕಳೆದುಕೊಂಡ ಇಡೀ ಮುಖಕ್ಕೆ ಹರಡುತ್ತದೆ. ಪೊರೆಯೇ ಇಲ್ಲದ ಕಾರಣ ಗುಳ್ಳೆ ಏಳುವುದೂ ಇಲ್ಲ, ಸಣ್ಣ ಸಣ್ಣ ಹಸಿ ತೂತುಗಳು ಗುಂಪಾಗಿ ಕಾಣುತ್ತವೆ, ವಿಪರೀತ ನೋವು. ಅಭ್ಯಾಸವಿಲ್ಲದವರು ಅದನ್ನು 'ಹೀಲಿಂಗ್' ಎಂದು ಹೇಳಿ ಕಳಿಸುತ್ತಾರೆ. ಇದನ್ನು ತಡೆಯಲು ಮುಖಪೂರ್ತಿ ಲೇಸರಿಗೆ ಹಿಂದಿನ ದಿನದಿಂದಲೇ ವೈರಸ್ ತಡೆಯುವ ಮಾತ್ರೆ ವ್ಯಾಲಾಸೈಕ್ಲೊವಿರ್ 500 ಮಿಲಿಗ್ರಾಂ ದಿನಕ್ಕೆರಡು, ಪೊರೆ ಮುಚ್ಚುವವರೆಗೆ ಏಳರಿಂದ ಹತ್ತು ದಿನ ಕೊಡುವುದು ವಾಡಿಕೆ. ಚೀಟಿ ಬರೆಯುವ ಹಕ್ಕೇ ಇಲ್ಲದವರು ಇದನ್ನು ಹೇಗೆ ಕೊಡುತ್ತಾರೆ?

ಇನ್ನು ಮಚ್ಚೆ. ಬಿಸಿಲಿಗೆ ವರ್ಷಗಟ್ಟಲೆ ಮೈಯೊಡ್ಡಿದ ಮುಖದ ಮೇಲಿನ ಎಲ್ಲ ಕಪ್ಪು ಚುಕ್ಕೆಯೂ ವಯಸ್ಸಿನ ಕಲೆಯಲ್ಲ. ಬೇಸಲ್ ಸೆಲ್ ಕ್ಯಾನ್ಸರ್ ಎಂಬ ಚರ್ಮದ ಕ್ಯಾನ್ಸರ್ ಬಿಳಿಯರಲ್ಲಿ ಮುತ್ತಿನಂತೆ ಹೊಳೆಯುತ್ತದೆ; ನಮ್ಮವರಲ್ಲಿ ಹೆಚ್ಚಾಗಿ ಕಪ್ಪಾಗಿ, ಮಚ್ಚೆಯ ವೇಷದಲ್ಲೇ ಬರುತ್ತದೆ. ಮೂಗಿನ ಪಕ್ಕ, ರೆಪ್ಪೆಯ ಕೆಳಗೆ ಅದರ ಮೆಚ್ಚಿನ ಜಾಗ. ಚರ್ಮವನ್ನು ಹಿಗ್ಗಿಸಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿ, ಅನುಮಾನ ಬಂದರೆ ಚೂರು ತೆಗೆದು ಪರೀಕ್ಷೆಗೆ ಕಳಿಸಿದ ಮೇಲಷ್ಟೇ ಮುಂದಿನ ಮಾತು. ಲೇಸರ್ ಮೇಲ್ಭಾಗವನ್ನು ಸುಟ್ಟು ಆವಿ ಮಾಡಿಬಿಟ್ಟರೆ ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ, ಬುಡ ಮಾತ್ರ ಒಳಗೆ ಬೆಳೆಯುತ್ತಿರುತ್ತದೆ.

'ಲೇಸರ್' ಎಂಬ ಒಂದೇ ಬೋರ್ಡಿನ ಕೆಳಗೆ ನಡೆಯುವುದು ಒಂದೇ ಕೆಲಸವೂ ಅಲ್ಲ. ಮುಖಕ್ಕೆ ಕಪ್ಪು ಇದ್ದಿಲ ಲೇಪ ಬಳಿದು ಪಟಪಟ ಸಿಡಿಸುವ 'ಕಾರ್ಬನ್ ಪೀಲ್' 1,064 ನ್ಯಾನೊಮೀಟರಿನ ಬೇರೆಯೇ ಯಂತ್ರ. ಆಳವಾದ ಸುಕ್ಕಿಗೆ ಅದರಿಂದ ಏನೂ ಆಗದು. ಅದನ್ನೇ ವಾರಕ್ಕೊಮ್ಮೆ 'ಟೋನಿಂಗ್' ಎಂದು ಹತ್ತಾರು ಸಲ ಹೊಡೆದರೆ ಬಂಗಿನ ನಡುವೆ ಅಕ್ಕಿಕಾಳು ಚೆಲ್ಲಿದಂತೆ ಬಿಳಿ ಚುಕ್ಕೆ ಮೂಡುತ್ತವೆ. ನಮ್ಮ ಊರುಗಳಲ್ಲಿ ಹೆಣ್ಣುಮಗಳ ಮುಖದ ಬಿಳಿ ಚುಕ್ಕೆಯನ್ನು ಜನ ಏನೆಂದು ಓದುತ್ತಾರೆ ಎಂಬುದು ತಮಗೂ ತಿಳಿದಿದೆ. ಇನ್ನು 'ಐಪಿಎಲ್' (ಇಂಟೆನ್ಸ್ ಪಲ್ಸ್ಡ್ ಲೈಟ್) ಲೇಸರೇ ಅಲ್ಲ, ಕ್ಯಾಮೆರಾ ಫ್ಲ್ಯಾಶ್‌ನ ದೊಡ್ಡಣ್ಣ. ಹಲವು ತರಂಗಾಂತರಗಳ ಬೆಳಕು ಒಟ್ಟಿಗೇ ಬಂದು ಕಂದು ಚರ್ಮವನ್ನು ಪಟ್ಟೆಪಟ್ಟೆಯಾಗಿ ಸುಡಬಲ್ಲದು.

ಶಿಬಿರಗಳ ಬಗ್ಗೆ ನಮ್ಮ ದೂರು ಇನ್ನೂ ಗಟ್ಟಿಯಾದದ್ದು. ಹೆದ್ದಾರಿ ಬದಿಯ ಹೋಟೆಲಿನ ಹಾಲ್ ಹಿಡಿದು, ಶನಿವಾರ ಒಂದೂರು, ಭಾನುವಾರ ಇನ್ನೊಂದೂರು ಎಂದು ಯಂತ್ರವನ್ನು ಕಾರಿನಲ್ಲಿ ಹೇರಿಕೊಂಡು ತಿರುಗುತ್ತಾರೆ. ಕಾರ್ಬನ್ ಡೈಆಕ್ಸೈಡ್ ಯಂತ್ರದ ತೋಳಿನೊಳಗೆ ಸಾಮಾನ್ಯವಾಗಿ ಏಳು ಕನ್ನಡಿಗಳಿರುತ್ತವೆ. ಒಂದರಿಂದ ಒಂದಕ್ಕೆ ಪುಟಿದು ಕಿರಣ ಹಿಡಿಗೆ ಬರುತ್ತದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಕುಲುಕಿ ಬಂದ ತೋಳಿನಲ್ಲಿ ಒಂದು ಕನ್ನಡಿ ಕೂದಲಷ್ಟು ಸರಿದರೂ, ಗುರಿ ತೋರಿಸುವ ಕೆಂಪು ಬೆಳಕು ಬೀಳುವುದು ಒಂದು ಕಡೆ, ಕಾಣದ ಸುಡುವ ಕಿರಣ ಬೀಳುವುದು ಇನ್ನೊಂದು ಕಡೆ. ಹಾಗಾಗಿ ಪ್ರತಿ ಸಾಗಾಟದ ನಂತರ ಒದ್ದೆ ಮಾಡಿದ ಮರದ ಪಟ್ಟಿಯ ಮೇಲೆ ಹೊಡೆದು ಎರಡೂ ಒಂದೇ ಕಡೆ ಬೀಳುತ್ತಿವೆಯೇ, ಚುಕ್ಕೆಗಳು ದುಂಡಗಿವೆಯೇ ಎಂದು ನೋಡಬೇಕು. ಕರಾವಳಿಯ ಉಪ್ಪುಗಾಳಿ ಮತ್ತು ತೇವಕ್ಕೆ ಹಿಡಿಯ ಮಸೂರ ಮಬ್ಬಾಗುತ್ತದೆ. ಮಬ್ಬು ಮಸೂರದ ಕಿರಣ ಕೊರೆಯುವ ಬದಲು ಹರಡಿ ಬೇಯಿಸುತ್ತದೆ. ಮಳೆಗಾಲದ ನಮ್ಮ ಕರೆಂಟಿನ ಗುಣ ಹೇಳುವುದೇ ಬೇಡ.

ಇದೆಲ್ಲವನ್ನೂ ಸರಿಮಾಡಿಕೊಂಡರೂ ಶಿಬಿರಕ್ಕೆ ಒಂದು ದೋಷ ಹುಟ್ಟಿನಿಂದಲೇ ಬಂದಿದೆ. ಮೊದಲ ಒಂದೆರಡು ಗಂಟೆ ಉರಿ. ಎರಡು ಮೂರು ದಿನ ಊತ. ಮೂರನೇ ದಿನದಿಂದ ಮುಖವೆಲ್ಲ ಮರಳುಕಾಗದದಂತೆ ಒರಟಾಗಿ, ವಾರದೊಳಗೆ ಕಂದು ಪುಡಿ ಉದುರುತ್ತದೆ. ಕೆಳಗಿನ ಹೊಸ ಚರ್ಮ ನಸುಗೆಂಪಾಗಿ ಚೆಂದ ಕಾಣುತ್ತದೆ. ಆಗ ತೆಗೆದ ಫೋಟೋವೇ ಜಾಹೀರಾತಿಗೆ ಹೋಗುವುದು. ಕಪ್ಪು ಬರುವುದು ಮೂರು, ನಾಲ್ಕನೇ ವಾರಕ್ಕೆ. ಅಷ್ಟೊತ್ತಿಗೆ ಶಿಬಿರದವರು ಯಾವ ಜಿಲ್ಲೆಯಲ್ಲಿದ್ದಾರೋ. ಫೋನ್ ಹಚ್ಚಿದರೆ 'ಇನ್ನೊಂದು ಸಿಟ್ಟಿಂಗ್ ಮಾಡಿದರೆ ಹೋಗುತ್ತದೆ' ಎಂಬ ಉತ್ತರ. ಆ ಕಪ್ಪಿನ ಮೇಲೆ ಮತ್ತೆ ಲೇಸರ್ ಹೊಡೆಯುವುದು ಉರಿಯುವ ಒಲೆಗೆ ಸೌದೆ ಒಟ್ಟಿದಂತೆ. ಬಿಸಿಲು ತಪ್ಪಿಸಿ, ಅಜೆಲಾಯಿಕ್ ಆಸಿಡ್ ಅಥವಾ ಹೈಡ್ರೊಕ್ವಿನೋನ್‌ನಂಥ ಕ್ರೀಮನ್ನು ವೈದ್ಯರ ನಿಗಾದಲ್ಲಿ ಹಚ್ಚಿ, ತಿಂಗಳುಗಟ್ಟಲೆ ಕಾಯಬೇಕು.

ಕೋಣೆಯೊಳಗಿನ ಸಂಗತಿಗಳನ್ನು ತಪಾಸಣೆಗೆ ಹೋಗುವ ಅಧಿಕಾರಿಗಳ ಅನುಕೂಲಕ್ಕಾಗಿ ಬರೆಯುತ್ತಿದ್ದೇವೆ. ಇವು ನಾಲ್ಕನೇ ವರ್ಗದ ಲೇಸರ್‌ಗಳು, ಅಪಾಯದ ಏಣಿಯಲ್ಲಿ ಕೊನೆಯ ಮೆಟ್ಟಿಲು. ಬಾಗಿಲಿಗೆ ಎಚ್ಚರಿಕೆ ಫಲಕ ಇರಬೇಕು, ಯಂತ್ರದ ಕೀಲಿಕೈ ಜವಾಬ್ದಾರರ ಬಳಿ ಇರಬೇಕು, ಗೋಡೆಗೆ ದೊಡ್ಡ ಕನ್ನಡಿ ಇರಬಾರದು. ಪಾರ್ಲರ್ ಅಂದಮೇಲೆ ಕನ್ನಡಿ ಇಲ್ಲದಿರುವುದೆಂತು, ಅಲ್ಲಿಯೇ ಅರ್ಧ ಉತ್ತರ ಸಿಕ್ಕಿತು. ಕಣ್ಣಿನ ರಕ್ಷಣೆಗೆ ಹಾಕುವ ಕನ್ನಡಕದ ಅಂಚಿನ ಮೇಲೆ ಅದು ಯಾವ ತರಂಗಾಂತರಕ್ಕೆ ಎಂದು ಅಚ್ಚಾಗಿರುತ್ತದೆ, ಓದಿ ನೋಡಿ. 10,600ಕ್ಕೆ ಸರಿಯಾದದ್ದು 1,064ನ್ನು ಏನೇನೂ ತಡೆಯುವುದಿಲ್ಲ. ಮೊದಲನೆಯ ಕಿರಣ ಕಣ್ಣಿನ ಮುಂಪೊರೆಯನ್ನು ಸುಟ್ಟು ಕೂಡಲೇ ಉರಿ ತೋರಿಸುತ್ತದೆ. ಎರಡನೆಯದು ಸೀದಾ ಒಳಹೋಗಿ ಅಕ್ಷಿಪಟಕ್ಕೆ ತಗುಲುತ್ತದೆ, ನೋವೂ ಆಗದೆ ದೃಷ್ಟಿಯ ನಡುವೆ ಕಪ್ಪು ಬೊಟ್ಟು ಉಳಿಯಬಹುದು. ಚಿಕಿತ್ಸೆ ಪಡೆಯುವವರ ಕಣ್ಣಿಗೆ ಹತ್ತಿಯುಂಡೆ ಸಾಲದು. ರೆಪ್ಪೆಯ ಹತ್ತಿರ ಹೊಡೆಯುವುದಾದರೆ ರೆಪ್ಪೆಯೊಳಗೆ ಇಡುವ ಲೋಹದ ಕವಚ ಬೇಕು. ಅದನ್ನು ಇಡಲು ವೈದ್ಯರೇ ಬೇಕು.

ಮರಗಟ್ಟಿಸುವ ಕ್ರೀಮಿನ ಕೊಳವೆಯನ್ನೂ ಎತ್ತಿ ನೋಡಿ. ಲಿಡೊಕೇಯ್ನ್ ಶೇ 2.5, ಪ್ರಿಲೊಕೇಯ್ನ್ ಶೇ 2.5 ಇರುವುದು ಮಾಮೂಲು. 45ರಿಂದ 60 ನಿಮಿಷ ಹಚ್ಚಿ, ಪೂರ್ತಿ ಒರೆಸಿ, ಒಣಗಿಸಿ ಶುರುಮಾಡಬೇಕು. ಹೆಸರು, ಪ್ರಮಾಣ ಇಲ್ಲದ ಡಬ್ಬಿಯ ಕ್ರೀಮನ್ನು ಮುಖ, ಕುತ್ತಿಗೆಗೆಲ್ಲ ಬಳಿದು ಪ್ಲಾಸ್ಟಿಕ್ ಸುತ್ತಿ ಕೂರಿಸಿದರೆ ಔಷಧ ರಕ್ತಕ್ಕೆ ಏರಿ ಅಪಸ್ಮಾರ, ಹೃದಯದ ಲಯ ತಪ್ಪುವುದು ಎಲ್ಲವೂ ಆಗಬಹುದು. ಸೌಂದರ್ಯ ಚಿಕಿತ್ಸೆಗೆ ಮೊದಲು ಹೀಗೆ ಹಚ್ಚುವುದರ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2007ರಲ್ಲಿಯೇ ಸಾರ್ವಜನಿಕ ಎಚ್ಚರಿಕೆ ಕೊಟ್ಟಿದ್ದರು. ಮುಖ ಒರೆಸಲು ಸ್ಪಿರಿಟ್ ಬಳಸುತ್ತಾರೆಯೇ? ಸ್ಪಿರಿಟ್ ಆರದ ಚರ್ಮಕ್ಕೆ ಲೇಸರ್ ಬಿದ್ದರೆ ಬೆಂಕಿ ಹತ್ತುತ್ತದೆ. ಹೊಗೆ ಹೀರುವ ಯಂತ್ರ ಇದೆಯೇ, ಅದರ ಮೂತಿ ಹೊಡೆಯುವ ಜಾಗದಿಂದ ಒಂದೆರಡು ಸೆಂಟಿಮೀಟರ್‌ನೊಳಗೆ ಹಿಡಿದಿದ್ದಾರೆಯೇ? ಆ ಹೊಗೆಯಲ್ಲಿ ಸುಟ್ಟ ಚರ್ಮದ ಕಣಗಳಿವೆ. ನರೂಲಿಯ ವೈರಸ್ಸಿನ ಅಂಶವೂ ಸಿಕ್ಕಿದೆ. ಅಲ್ಲಿ ದುಡಿಯುವ ಹುಡುಗಿಯರು ದಿನವಿಡೀ ಅದನ್ನೇ ಉಸಿರಾಡುತ್ತಾರೆ. ಚರ್ಮಕ್ಕೆ ತಾಗುವ ಹಿಡಿಯ ತುದಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವಾಗ ಶುದ್ಧಿ ಮಾಡುವುದು ಹೇಗೆ ಎಂದೂ ಕೇಳಿ, ಅದಕ್ಕೆ ರಕ್ತ ತಾಗಿರುತ್ತದೆ.

ನಮ್ಮವರನ್ನೂ ಬಿಟ್ಟು ಮಾತಾಡಿದರೆ ನ್ಯಾಯವಾಗದು. ಬೋರ್ಡಿನ ಮೇಲೆ ವೈದ್ಯರ ಹೆಸರಿದ್ದು ಒಳಗೆ ಅವರೇ ಇಲ್ಲದ ಜಾಗಗಳಿವೆ. ಯಂತ್ರ ಮಾರುವ ಕಂಪನಿಯವರು ಅರ್ಧ ದಿನ ತೋರಿಸಿಕೊಟ್ಟದ್ದನ್ನೇ 'ತರಬೇತಿ' ಎಂದು ಚೌಕಟ್ಟು ಹಾಕಿಸಿಕೊಂಡವರಲ್ಲಿ ಎಂ.ಬಿ.ಬಿ.ಎಸ್. ಪದವೀಧರರೂ ಇದ್ದಾರೆ. ಕೂದಲು ತೆಗೆಯುವ ಲೇಸರನ್ನು ವೈದ್ಯರು ಅದೇ ಕಟ್ಟಡದಲ್ಲಿರುವಾಗ ತರಬೇತಿ ಪಡೆದ ನರ್ಸ್ ಮಾಡಬಹುದೇ ಎಂಬುದರಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯಗಳಿವೆ. ಚರ್ಮವನ್ನು ಕೊರೆಯುವ, ಆವಿಯಾಗಿಸುವ ಲೇಸರಿನ ವಿಷಯದಲ್ಲಿ ಎರಡು ಅಭಿಪ್ರಾಯವಿಲ್ಲ. ಅದು ಶಸ್ತ್ರಚಿಕಿತ್ಸೆ.

ಕಾಯ್ದೆ ಹೊಸದಾಗಿ ಬೇಕಿಲ್ಲ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿಯೂ ಆಗಿದೆ. ತಾವೇ ಅದರ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು. ಚಿಕಿತ್ಸೆ ಕೊಡುವ ಜಾಗ ನೋಂದಣಿಯಾಗಬೇಕು, ದರಪಟ್ಟಿ ಎಲ್ಲರಿಗೂ ಕಾಣುವಂತೆ ಇರಬೇಕು ಎಂದು ಅದು ಹೇಳುತ್ತದೆ. ಪಾರ್ಲರುಗಳು ನಗರಸಭೆ, ಪುರಸಭೆಗಳಿಂದ ಪಡೆದ ಉದ್ದಿಮೆ ಪರವಾನಗಿಯನ್ನು ತೋರಿಸಿ 'ನಮ್ಮಲ್ಲಿ ಲೈಸೆನ್ಸ್ ಇದೆ' ಎನ್ನುತ್ತವೆ. ಹುಬ್ಬು ತೀಡಲು ಕೊಟ್ಟ ಪರವಾನಗಿ ಅದು.

ಆದ್ದರಿಂದ ತಮ್ಮಲ್ಲಿ ನಮ್ಮ ಕೋರಿಕೆ ಇದು. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ, ಯಲ್ಲಾಪುರ, ದಾಂಡೇಲಿಯವರೆಗೆ ಲೇಸರ್ ಮತ್ತು ಐಪಿಎಲ್ ಯಂತ್ರಗಳು ಎಲ್ಲೆಲ್ಲಿವೆ ಎಂಬುದನ್ನು ಮೊದಲು ಪಟ್ಟಿ ಮಾಡಿಸಿ: ಯಂತ್ರದ ಬಗೆ, ತರಂಗಾಂತರ, ಕೊನೆಯ ಬಾರಿ ಅಳತೆ ಪರೀಕ್ಷಿಸಿದ ದಿನಾಂಕ, ಹೊಡೆಯುವವರ ವೈದ್ಯಕೀಯ ನೋಂದಣಿ ಸಂಖ್ಯೆ. ನೋಂದಣಿಯಿಲ್ಲದ ಕಡೆ ಚರ್ಮ ಕೊರೆಯುವ ಯಂತ್ರವನ್ನು ಅಂದೇ ಮೊಹರು ಮಾಡಿ. ಉದ್ದಿಮೆ ಪರವಾನಗಿಯಲ್ಲಿ 'ಲೇಸರ್, ಐಪಿಎಲ್, ಚುಚ್ಚುಮದ್ದು ಸೇರಿಲ್ಲ' ಎಂಬ ಒಂದು ಸಾಲು ಅಚ್ಚು ಹಾಕಿಸಲು ಸ್ಥಳೀಯ ಸಂಸ್ಥೆಗಳಿಗೆ ಸೂಚಿಸಿ. ಹೋಟೆಲ್, ಕಲ್ಯಾಣಮಂಟಪಗಳ ಲೇಸರ್ ಶಿಬಿರ ಪೂರ್ತಿ ನಿಲ್ಲಲಿ. ಜಾಹೀರಾತಿನಲ್ಲಿ ಸುಳ್ಳು ಭರವಸೆ ಕೊಟ್ಟವರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಸ್ತ್ರವೂ ಇದೆ.

ಇಷ್ಟರಲ್ಲಿ ಒಂದನ್ನು ಮಾತ್ರ ಮಾಡಲು ಸಾಧ್ಯ ಎಂದರೆ, ಚೀಟಿಯನ್ನು ಕಡ್ಡಾಯ ಮಾಡಿ. ಅಂಗೈಯಗಲದ ಒಂದು ಕಾಗದ, ಕನ್ನಡದಲ್ಲಿ. ಯಂತ್ರದ ಹೆಸರು, ತರಂಗಾಂತರ, ಒಂದೊಂದು ಚುಕ್ಕೆಗೆ ಎಷ್ಟು ಮಿಲಿಜೌಲ್ ಶಕ್ತಿ, ದಟ್ಟಣೆ ಶೇಕಡ ಎಷ್ಟು, ಎಷ್ಟು ಸುತ್ತು, ಮುಖದ ಯಾವ ಭಾಗ, ದಿನಾಂಕ, ಮಾಡಿದವರ ಹೆಸರು ಮತ್ತು ನೋಂದಣಿ ಸಂಖ್ಯೆ. ಕಿವಿಯ ಮುಂದೆ ಸಣ್ಣ ಜಾಗಕ್ಕೆ ಪರೀಕ್ಷೆಗೆ ಹೊಡೆದು ನಾಲ್ಕು ವಾರ ಕಾದರೋ ಇಲ್ಲವೋ ಎಂಬುದಕ್ಕೂ ಒಂದು ಸಾಲು. ಹಿಂಬದಿಯಲ್ಲಿ ಮನೆಯ ಆರೈಕೆ: ಸಲೈನಿನಲ್ಲಿ ಅದ್ದಿದ ಗಾಜ್ ದಿನಕ್ಕೆ ನಾಲ್ಕೈದು ಸಲ ಹತ್ತು ನಿಮಿಷ, ಮೇಲೆ ವ್ಯಾಸಲಿನ್ ತೆಳುವಾಗಿ, ಹಕ್ಕಳೆ ಕೀಳಬಾರದು, ಅರಿಶಿನ ಲೋಳೆಸರ ಯಾವುದೂ ಬೇಡ, ಮೂರನೇ ದಿನದ ಮೇಲೆ ನೋವು ಇಳಿಯುವ ಬದಲು ಏರಿದರೆ, ಹಳದಿ ನೀರು ಸೋರಿದರೆ, ದವಡೆಯಲ್ಲಿ ಕೆಂಪು ಗಟ್ಟಿಯಾದರೆ ಅಂದೇ ಆಸ್ಪತ್ರೆಗೆ. ಆ ಚೀಟಿ ಕೈಯಲ್ಲಿದ್ದರೆ ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾಗಲಿ, ಶಿರಸಿಯಲ್ಲಾಗಲಿ ಕುಳಿತ ವೈದ್ಯರಿಗೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯುತ್ತದೆ. ತಪ್ಪು ಮಾಡಿದವರಿಗೆ ಸಹಿ ಹಾಕುವಾಗಲೇ ಕೈ ನಡುಗುತ್ತದೆ, ಅದೂ ಒಳ್ಳೆಯದೇ.

ಬಿಸಿಲಿನ ಬಗ್ಗೆಯೂ ಒಂದು ಮಾತು, ಯಾಕೆಂದರೆ ಎಲ್ಲ ಶುರುವಾಗುವುದು ಅಲ್ಲಿಂದ. ನಮ್ಮ ಅಕ್ಷಾಂಶಕ್ಕೆ ಸೂರ್ಯ ನೆತ್ತಿಯ ಮೇಲೆ ಬರುವುದು ಏಪ್ರಿಲ್ ಕೊನೆಗೆ, ಮತ್ತೆ ಆಗಸ್ಟ್ ಎರಡನೇ ವಾರಕ್ಕೆ. ಮದುವೆಗಳ ಸುಗ್ಗಿ ಏಪ್ರಿಲ್, ಮೇ. ಜನ ಲೇಸರಿಗೆ ಮುಗಿಬೀಳುವುದು ಸರಿಯಾಗಿ ಮಾಡಿಸಿಕೊಳ್ಳಬಾರದ ಹೊತ್ತಿನಲ್ಲೇ. ಒಣ ಮರಳು ಅತಿನೇರಳೆ ಕಿರಣದ ಸುಮಾರು ಶೇ 15ನ್ನು, ಕಡಲ ನೊರೆ ಸುಮಾರು ಶೇ 25ನ್ನು ಮುಖಕ್ಕೆ ತಿರುಗಿ ಎಸೆಯುತ್ತವೆ. ತೆಳು ಮೋಡ ಅದನ್ನು ಹೆಚ್ಚೇನೂ ತಡೆಯದು. ಸಾಣಿಕಟ್ಟೆಯ ಉಪ್ಪಿನಾಗರದಲ್ಲಿ, ಒಣಮೀನು ಹಾಸುವ ದಕ್ಕೆಯಲ್ಲಿ ದುಡಿಯುವವರಿಗೆ ಕೊಡೆ ಹಿಡಿಯಲು ಮೂರನೇ ಕೈಯಿಲ್ಲ. ಹಾಳೆಟೊಪ್ಪಿ ತಲೆ ಕಾಯುತ್ತದೆ, ಕೆನ್ನೆ ಕಾಯುವುದಿಲ್ಲ. ಅಗಲ ಅಂಚಿನ ಟೊಪ್ಪಿಯನ್ನು ಕಾರ್ಮಿಕ ಹಾಗೂ ಮೀನುಗಾರಿಕೆ ಇಲಾಖೆಗಳ ಮೂಲಕ ಹಂಚಲು ಸಾಧ್ಯವೇ ಎಂದು ತಾವು ನೋಡಬೇಕು. ಸನ್‌ಸ್ಕ್ರೀನ್ ಕೊಳ್ಳಬಲ್ಲವರು ಎರಡು ಬೆರಳುದ್ದ ಹಿಂಡಿ ಮುಖ, ಕುತ್ತಿಗೆಗೆ ಹಚ್ಚಲಿ, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬಟಾಣಿಕಾಳಿನಷ್ಟು ಸವರಿಕೊಂಡು 'ಏನೂ ಉಪಯೋಗವಿಲ್ಲ' ಎಂದು ಲೇಸರಿಗೆ ಹೊರಟವರೇ ಹೆಚ್ಚು.

ತಪಾಸಣಾ ತಂಡಕ್ಕೆ ಚರ್ಮಚಿಕಿತ್ಸೆ ಬಲ್ಲವರು ಬೇಕಾದರೆ, ಯಂತ್ರದ ಪರದೆಯ ಮೇಲಿನ ಅಂಕಿಗಳನ್ನು ಓದಿ ಹೇಳಲು, ನಮ್ಮಲ್ಲಿ ಕೆಲವರು ಸಂಬಳ ಭತ್ಯೆಯಿಲ್ಲದೆ ಬರಲು ಸಿದ್ಧರಿದ್ದೇವೆ. ಮುಂದಿನ ಮದುವೆ ಸುಗ್ಗಿಗೆ ಮೊದಲೇ, ಅಂದರೆ ಮಾರ್ಚ್ ಒಳಗೆ, ಮೊದಲ ಸುತ್ತಿನ ತಪಾಸಣೆ ಮುಗಿಸಿ ಪಟ್ಟಿಯನ್ನು ತಾಲ್ಲೂಕು ಆಸ್ಪತ್ರೆಗಳ ಸೂಚನಾ ಫಲಕಕ್ಕೆ ಹಾಕಿಸಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಉತ್ತರ ಕನ್ನಡದಲ್ಲಿ ಚರ್ಮಚಿಕಿತ್ಸೆಯ ಕೆಲಸದಲ್ಲಿರುವ ಕೆಲವರು